ಆರು ನಿಮಿಷದ ಪರಿಚಯ

ಕುವೈತಿನ ಸಾಲ್ಮಿಯಾದಲ್ಲೋ ಅಬ್ಬಾಸಿಯಾದಲ್ಲೋ ಮನೆ ಮಾಡಿದ ನಮ್ಮವರಿಗೆ ಸೊಪ್ಪು, ತೆಂಗಿನಕಾಯಿಗೆ ತೊಂದರೆಯಿಲ್ಲ. ನನಗೆ ಸಿಗದೇ ಹೋದದ್ದು ಮಾತು. ಕುಟುಂಬ ವೀಸಾದ ಮೇಲೆ ಬಂದವಳು, ಕೆಲಸಕ್ಕೆ ಹೋಗುವಂತಿರಲಿಲ್ಲ. ಆಗ ಸೇರಿದ್ದು ಟೋಸ್ಟ್‌ಮಾಸ್ಟರ್ಸ್ ಕ್ಲಬ್.

1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ ಈ ಬಳಗದಲ್ಲಿ ಮೇಷ್ಟರಿಲ್ಲ. ಸದಸ್ಯರೇ ಒಬ್ಬರನ್ನೊಬ್ಬರು ತಿದ್ದುತ್ತಾರೆ. ಎಷ್ಟು ಸಲ ‘ಆಂ, ಊಂ’ ಎಂದಿರೆಂದು ಎಣಿಸಲೂ ಒಬ್ಬರಿರುತ್ತಾರೆ. ಹೊತ್ತು ಮೀರಿದರೆ ಕೆಂಪು ದೀಪ. (ನಮ್ಮ ಸಭೆಗಳ ಅಧ್ಯಕ್ಷ ಭಾಷಣಕ್ಕೂ ಅಂಥದೊಂದು ದೀಪ ತರಿಸಬಾರದೇ?)

ಮೊದಲ ಭಾಷಣದ ಹೆಸರು ‘ಐಸ್ ಬ್ರೇಕರ್’. 4ರಿಂದ 6 ನಿಮಿಷ ನಮ್ಮದೇ ಪರಿಚಯ. ಇಂಥವರ ಹೆಂಡತಿ, ಇಂಥವರ ತಾಯಿ ಎಂದರೆ ಅರ್ಧ ನಿಮಿಷಕ್ಕೇ ಮುಗಿಯಿತಲ್ಲ! ಉಳಿದ ಹೊತ್ತಿಗೆ ಧಾರವಾಡ ಬಂತು, ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾಲೇಜು ಬಂತು, ಬಿಟ್ಟುಬಂದ ನೌಕರಿ ಬಂತು. ಎದುರಿಗೆ ಈಜಿಪ್ಟಿನವರು, ಫಿಲಿಪೀನ್ಸಿನವರು, ಶ್ರೀಲಂಕಾದವರು. ನನ್ನ ಮಾತಿನ ವಿಮರ್ಶೆ ಮಾಡಿದ ಈಜಿಪ್ಟಿನ ಎಂಜಿನಿಯರೊಬ್ಬರು ಉಚ್ಚಾರದ ತಪ್ಪು ಹಿಡಿಯಲಿಲ್ಲ, “ಟೀಚರ್, ಸ್ವಲ್ಪ ನಿಧಾನ” ಎಂದರು ಅಷ್ಟೆ. ಮೂರು ವರ್ಷಗಳ ನಂತರ ಯಾರೋ ನನ್ನನ್ನು ಹಾಗೆ ಕರೆದಿದ್ದರು.

ಅತಿಥಿಯಾಗಿ ಹೋಗಿ ನೋಡಲು ಅಡ್ಡಿಯಿಲ್ಲ. ಮೊದಲ ದಿನವೇ ಬಾಯಿ ತೆರೆಯಬೇಕೆಂದೂ ಇಲ್ಲ.