ನಮ್ಮ ಕ್ಯಾಮೆರಾದಲ್ಲಿ ‘ಎಂ’ ಇರಲಿ

ಕಾಲೇಜಿನ ವಾರ್ತಾಪತ್ರಕ್ಕೊಂದು ಸಣ್ಣ ಕ್ಯಾಮೆರಾ ಕೊಳ್ಳುವ ಮಾತು ನಡೆದಿದೆ. ಎಷ್ಟು ಮೆಗಾಪಿಕ್ಸೆಲ್ ಎಂಬುದೇ ಎಲ್ಲರ ಪ್ರಶ್ನೆ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಮೇಲಿನ ಡಯಲ್‌ನಲ್ಲಿ ‘ಎಂ’ ಇದೆಯೇ ಎಂದು. ಅಂದರೆ ಶಟರ್ ವೇಗ, ಅಪರ್ಚರ್ ಎರಡನ್ನೂ ನಾವೇ ನಿರ್ಧರಿಸುವ ಅವಕಾಶ.

ಪುತ್ತೂರು ಕಂಬಳದಲ್ಲಿ ಕೋಣಗಳು ಎಬ್ಬಿಸುವ ಕೆಸರುನೀರಿನ ಹನಿಗಳು ಚಿತ್ರದಲ್ಲಿ ಹಾಗೆಯೇ ನಿಲ್ಲಬೇಕಾದರೆ ಶಟರ್ ಸೆಕೆಂಡಿನ 1/1000 ಭಾಗದಷ್ಟೇ ಹೊತ್ತು ತೆರೆಯಬೇಕು. ಮಳೆಗಾಲದ ಸುಳ್ಯದ ಅಡಿಕೆ ತೋಟದಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ಮಧ್ಯಾಹ್ನವೇ ಮಬ್ಬು. ಆಟೋ ಮೋಡ್ ಬಿಟ್ಟರೆ ಫ್ಲಾಶ್ ಹೊತ್ತಿ ಮಳೆಹನಿಗಳೆಲ್ಲ ಬಿಳಿ ಚುಕ್ಕೆ!

ಇನ್ನು ಸೆನ್ಸರ್. ಸಾಮಾನ್ಯ ಪುಟ್ಟ ಕ್ಯಾಮೆರಾದಲ್ಲಿ ಅದು ಸುಮಾರು 28 ಚದರ ಮಿಲಿಮೀಟರ್. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100ರಲ್ಲಿ 116. ಬೆಳಕು ಹಿಡಿಯುವ ಜಾಗ ನಾಲ್ಕು ಪಟ್ಟು, ಆದರೂ ಜೇಬಿಗೆ ಹಿಡಿಸುತ್ತದೆ. ಹೊಸದು ದುಬಾರಿ ಎಂದಾದರೆ ಸೆಕೆಂಡ್ ಹ್ಯಾಂಡ್ ಸಾಕು. ಲೆನ್ಸ್ ಒಳಗೆ ಬೂಷ್ಟು ಬಂದಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು, ನಮ್ಮೂರಿನ ತೇವಕ್ಕೆ ಅದು ಬೇಗ ಹಿಡಿಯುತ್ತದೆ.

ಮೊಬೈಲ್ ಸಾಲದೇ ಎನ್ನುವವರಿದ್ದಾರೆ. ಆದರೆ ಒಳ್ಳೆಯ ಮೊಬೈಲ್ ಎಲ್ಲರ ಮನೆಯಲ್ಲಿಲ್ಲ. ಆದ್ದರಿಂದ ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಬೀಗ ಹಾಕದೆ, ಲೈಬ್ರರಿ ಪುಸ್ತಕದಂತೆ ಸರದಿಯಲ್ಲಿ ಮನೆಗೆ ಕೊಡಬೇಕು. ಕಡಬದಿಂದ ಬಸ್ಸಿನಲ್ಲಿ ಬರುವ ಹುಡುಗಿಗೂ ಒಂದು ವಾರ.