ಆಟವೆಂದು ಅಲ್ಲಗಳೆಯುವ ಮುನ್ನ

ಎರಡು ವರ್ಷದ ಹಿಂದೆ ಚಳ್ಳಕೆರೆಯಲ್ಲಿ, ಕನ್ನಡ ಪಾಠ ಹೇಳುವ ನಾವು ನಾಲ್ವರು ಒಂದು ಮೇಜಿನ ಸುತ್ತ ಕುಳಿತು, ಹುಡುಗನೊಬ್ಬನ ಕಿರುಪ್ರಬಂಧವನ್ನು ಅದರ ತಲೆಬರಹ ನೋಡಿದ ಮಾತ್ರಕ್ಕೇ ತಳ್ಳಿಹಾಕಿದೆವು. ಚಹ ಬರುವುದಕ್ಕೆ ಮುಂಚೆಯೇ ಕೆಲಸ ಮುಗಿದಿತ್ತು. ಹುಡುಗ ಮೊಳಕಾಲ್ಮೂರಿನವನು, ಮನೆಯಲ್ಲಿ ಎರಡು ತಲೆಮಾರಿನಿಂದ ರೇಷ್ಮೆ ಸೀರೆಯ ಮಗ್ಗ. ಅವನು ಬರೆಯಹೊರಟಿದ್ದುದು ‘ನಾಗರಹಾವು’ ಮತ್ತು ‘ಗಾಡ್‌ಫಾದರ್’ ಎಂಬೆರಡು ಕತೆಗಳು ಕಾದಂಬರಿಯಿಂದ ಚಿತ್ರವಾಗಿ, ಅವುಗಳಲ್ಲೊಂದು ಚಿತ್ರದಿಂದ ಕಂಪ್ಯೂಟರ್ ಆಟವಾಗಿ, ಏನೇನು ಕಳೆದುಕೊಂಡವು, ಏನೇನು ಗಳಿಸಿದವು ಎಂಬ ವಿಚಾರ. ನಮ್ಮಲ್ಲಿ ಹಿರಿಯರೊಬ್ಬರು, “ಆಟದ ಮೇಲೆ ಪ್ರಬಂಧವೆ? ನಾಳೆ ಇನ್ನೊಬ್ಬ ಚೌಕಾಬಾರದ ಮೇಲೆ ಬರೆಯುತ್ತೇನೆಂದು ಬಂದಾನು” ಎಂದರು. ಮತ್ತೊಬ್ಬರು, “ಅದು ವಯಸ್ಕರ ಆಟವಂತೆ, ಮೈತುಂಬ ರಕ್ತವಂತೆ, ತಂದೆತಾಯಿ ಬಂದು ಕೇಳಿದರೆ ಏನು ಹೇಳೋಣ?” ಎಂದರು. ಮೂರನೆಯವರು, “ಮೂಲಕೃತಿಗೆ ಚಿತ್ರವೇ ಒಂದು ದ್ರೋಹ, ಚಿತ್ರದ ಮೇಲೆ ಕಟ್ಟಿದ ಆಟ ದ್ರೋಹಕ್ಕೆ ಬಡ್ಡಿ” ಎಂದರು. ನಾಲ್ಕನೆಯವನು ನಾನು. ನಾನು ಏನೂ ಹೇಳಲಿಲ್ಲ. ಕೈ ಎತ್ತಿ ಎಂದಾಗ ಎತ್ತಿದೆ.

ಆಗ ನನಗೆ ಆ ಆಟದ ವಿಷಯ ಏನೂ ಗೊತ್ತಿರಲಿಲ್ಲ; ಉಳಿದ ಮೂವರಿಗೂ ಗೊತ್ತಿರಲಿಲ್ಲ. ಓದದ ಪುಸ್ತಕದ ಮೇಲೆ ತೀರ್ಪು ಕೊಡುವ ವಿದ್ಯಾರ್ಥಿಗೆ ಸೊನ್ನೆ ಹಾಕುವ ನಾವು, ನೋಡದ ಆಟದ ಮೇಲೆ ಸರ್ವಾನುಮತದ ನಿರ್ಣಯ ಮಾಡಿದೆವು. ಈ ಲೇಖನ ಆ ನಿರ್ಣಯದ ವಿರುದ್ಧ; ಆದ್ದರಿಂದ ಕಾಲುಭಾಗ ನನ್ನ ವಿರುದ್ಧವೂ ಹೌದು.

ಮೂಲದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಚಳ್ಳಕೆರೆಯಲ್ಲಿ ಕೂತು ಮೂಲಕ್ಕೆ ದ್ರೋಹವೆಂದು ಮಾತಾಡುವವರಿಗೆ ಸಾಕ್ಷಿ ದೂರವಿಲ್ಲ. ತ.ರಾ.ಸು. ಎಂಬ ಹೆಸರಿನ ಮೊದಲಕ್ಷರ ಈ ತಾಲ್ಲೂಕಿನ ತಳುಕಿನದು. ಅವರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲರು ೧೯೭೨ರಲ್ಲಿ ‘ನಾಗರಹಾವು’ ಚಿತ್ರ ಮಾಡಿದರು. ನಾಡೆಲ್ಲ ಮುಗಿಬಿದ್ದು ನೋಡಿತು. ಬರೆದವರು ಮಾತ್ರ ಒಪ್ಪಲಿಲ್ಲ. ಅದು ನಾಗರಹಾವಲ್ಲ, ಕೇರೆಹಾವು ಎಂದು ಅವರು ಹೇಳಿದರೆಂಬ ಮಾತು ಇಂದಿಗೂ ನಮ್ಮ ಕಡೆ ಚಲಾವಣೆಯಲ್ಲಿದೆ. ಕಾದಂಬರೀಕಾರರ ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಇಂದು ದುರ್ಗದ ಕೋಟೆ ಹತ್ತುವ ಹತ್ತು ಜನರಲ್ಲಿ ಎಷ್ಟು ಜನ ಆ ಮೂರು ಕಾದಂಬರಿ ಓದಿದ್ದಾರೆ, ಎಷ್ಟು ಜನ ರಾಮಾಚಾರಿಯನ್ನೂ ಚಾಮಯ್ಯ ಮೇಷ್ಟರನ್ನೂ ತೆರೆಯ ಮೇಲಿನಿಂದ ಎದೆಗೆ ಇಳಿಸಿಕೊಂಡಿದ್ದಾರೆ? ಕೇರೆಹಾವೇ ಇರಲಿ, ಅದು ಕಚ್ಚಿತು.

ಪಂಪ ಮಾಡಿದ್ದೇನು? ವ್ಯಾಸರು ಐವರಿಗೆ ಮದುವೆ ಮಾಡಿದ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಕಟ್ಟಿದ. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ನಾವು ಇವರಿಬ್ಬರನ್ನೂ ತರಗತಿಯಲ್ಲಿ ಹೊಗಳಿ ಹೊಗಳಿ ಪಾಠ ಹೇಳುತ್ತೇವೆ. ಮಾರ್ಪಾಟಿನಲ್ಲೇ ಕವಿಯ ಪ್ರತಿಭೆ ಇದೆ ಎನ್ನುತ್ತೇವೆ. ಸಾವಿರ ವರ್ಷದ ಹಿಂದಿನವನು ಮಾರ್ಪಡಿಸಿದರೆ ಪ್ರತಿಭೆ, ನಿನ್ನೆಯವನು ಮಾರ್ಪಡಿಸಿದರೆ ದ್ರೋಹ! ಮೂಲ ಬದಲಾಯಿತೆಂಬುದು ದೂರೇ ಅಲ್ಲ. ಏಕೆ ಬದಲಾಯಿತು, ಬದಲಾದ ಮೇಲೆ ಏನು ಉಳಿಯಿತು ಎಂಬುದು ಪ್ರಶ್ನೆ. ಆ ಹುಡುಗ ಕೇಳಹೊರಟಿದ್ದುದೂ ಇದನ್ನೇ.

‘ಗಾಡ್‌ಫಾದರ್’ ಮಾರಿಯೊ ಪೂಜೊ ೧೯೬೯ರಲ್ಲಿ ಬರೆದ ಕಾದಂಬರಿ. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲ ಅದನ್ನು ಚಿತ್ರ ಮಾಡಿದ್ದು ೧೯೭೨ರಲ್ಲಿ, ನಮ್ಮ ರಾಮಾಚಾರಿ ತೆರೆಗೆ ಬಂದ ವರ್ಷವೇ. ಇಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಕಂಪನಿ ಅದನ್ನು ಆಟವಾಗಿ ಮಾರಿದ್ದು ೨೦೦೬ರಲ್ಲಿ. ಈ ಬಾರಿ ಮುನಿಸಿಕೊಂಡವರು ಕೊಪ್ಪೊಲ: ತಮ್ಮನ್ನು ಒಂದು ಮಾತು ಕೇಳಲಿಲ್ಲ, ಜನಕ್ಕೆ ಪರಿಚಿತವಾದ ಪಾತ್ರಗಳನ್ನು ಎದುರಿಗಿಟ್ಟುಕೊಂಡು ಆಮೇಲೆ ಬರಿಯ ಕೊಲೆಯಾಟ ಆಡಿಸುತ್ತಾರೆ ಎಂಬುದು ಅವರ ಆಕ್ಷೇಪ. ತಳುಕಿನ ಸುಬ್ಬರಾಯರ ಸಿಟ್ಟಿಗೂ ಈ ಸಿಟ್ಟಿಗೂ ಇರುವ ನಂಟು ಒಬ್ಬ ನೇಕಾರರ ಹುಡುಗನಿಗೆ ಹೊಳೆಯಿತು, ನಾಲ್ವರು ಎಂ.ಎ. ಪದವೀಧರರಿಗೆ ಹೊಳೆಯಲಿಲ್ಲ.

ಪಶ್ಚಾತ್ತಾಪವೆನ್ನಿ, ಕುತೂಹಲವೆನ್ನಿ, ನಿರ್ಣಯವಾದ ಮೇಲೆ ಆ ಹುಡುಗನಿಂದಲೇ ಆಟವನ್ನು ಕೇಳಿ ಪಡೆದು ನಾನೂ ಆಡಿದೆ. ಮೊದಲ ರಾತ್ರಿ ಕೀಲಿಮಣೆಯ ಮೇಲೆ ಬೆರಳು ಓಡದೆ, ನಡೆಯಹೋದರೆ ಗೋಡೆಗೆ ಹಾಯುತ್ತ, ಕಾರು ಓಡಿಸಹೋದರೆ ದೀಪದ ಕಂಬಕ್ಕೆ ಗುದ್ದುತ್ತ ಕಳೆದೆ. ಎರಡನೆಯ ರಾತ್ರಿ ಕೈ ಕುದುರಿತು. ಸುಳ್ಳೇಕೆ, ರುಚಿಯೂ ಹತ್ತಿತು.

ಆಟದಲ್ಲಿ ನೀವು ಮೈಕೇಲನಲ್ಲ, ಡಾನ್ ಕಾರ್ಲಿಯೋನಿಯೂ ಅಲ್ಲ. ಚಿತ್ರದಲ್ಲಿ ಇಲ್ಲದ ಒಬ್ಬ ಆಳು. ತಂದೆಯನ್ನು ಎದುರುಪಕ್ಷದವರು ಕೊಂದಿದ್ದಾರೆ. ಕಾರ್ಲಿಯೋನಿ ಮನೆತನ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತದೆ. ಚಿತ್ರದಲ್ಲಿ ತೆರೆಯ ಹಿಂದೆ ನಡೆದ ಕೆಲಸಗಳನ್ನೆಲ್ಲ ಇಲ್ಲಿ ನೀವು ಮಾಡುತ್ತೀರಿ. ಕುದುರೆಯ ತಲೆ ನಿರ್ಮಾಪಕನ ಹಾಸಿಗೆಗೆ ಹೋಗುವ ರಾತ್ರಿ ಅಲ್ಲಿ ನೀವೂ ಇರುತ್ತೀರಿ. ಹೋಟೆಲಿನ ಪಾಯಿಖಾನೆಯಲ್ಲಿ ಮೈಕೇಲನಿಗಾಗಿ ಪಿಸ್ತೂಲು ಬಚ್ಚಿಡುವವರು ನೀವು. ಇದು ಜಾಣ ಕಲ್ಪನೆ, ಒಪ್ಪಬೇಕಾದದ್ದು. ಮೂಲಕ್ಕೆ ಕೈಹಚ್ಚದೆ ಅದರ ಸಂದಿಗಳಲ್ಲಿ ಹೊಸ ಕತೆ ನೇಯುವುದು ನಮ್ಮ ಭಾಗವತರಿಗೂ ಗೊತ್ತಿದ್ದ ವಿದ್ಯೆ.

ಆಮೇಲೆ ಅಂಗಡಿಗಳು. ಬೀದಿಯ ಒಂದೊಂದು ಅಂಗಡಿಗೂ ನುಗ್ಗಿ ಮಾಲೀಕನ ಕೊರಳಪಟ್ಟಿ ಹಿಡಿದು ‘ರಕ್ಷಣೆ’ಯ ಹಣ ಕೀಳಬೇಕು. ತೆರೆಯ ಮೇಲೆ ಒಂದು ಅಳತೆಯ ಪಟ್ಟಿ ಕಾಣುತ್ತದೆ: ಕಡಿಮೆ ಹೆದರಿಸಿದರೆ ಕಡಿಮೆ ಹಣ, ಮಿತಿಮೀರಿ ಹೆದರಿಸಿದರೆ ಅವನು ತಿರುಗಿಬೀಳುತ್ತಾನೆ. ಸರಿಯಾದ ಹದದಲ್ಲಿ ಹೆದರಿಸುವುದನ್ನು ಕಲಿಯಬೇಕು. ಎರಡನೆಯ ರಾತ್ರಿಯ ಹೊತ್ತಿಗೆ ನಾನು ಕಲಿತಿದ್ದೆ. ಮಾರನೆಯ ಬೆಳಿಗ್ಗೆ ಎಣ್ಣೆ ತರಲು ನಮ್ಮ ಪೇಟೆಯ ಅಂಗಡಿಗೆ ಹೋದಾಗ, ಸೇಂಗಾ ಎಣ್ಣೆಯ ವಾಸನೆಯ ನಡುವೆ ನಿಂತು ಚಿಲ್ಲರೆ ಎಣಿಸುತ್ತಿದ್ದ ವಯಸ್ಸಾದ ಮಾಲೀಕನ ಮುಖ ನೋಡುವುದಕ್ಕೆ ನನಗೆ ಒಂದು ಕ್ಷಣ ನಾಚಿಕೆಯಾಯಿತು. ಆಟ ನನ್ನನ್ನು ರೌಡಿ ಮಾಡಿತೆಂದು ಇದರ ಅರ್ಥವಲ್ಲ. ನಲವತ್ತು ದಾಟಿದ ಮೇಷ್ಟರು ಅಷ್ಟು ಸುಲಭವಾಗಿ ರೌಡಿಗಳಾಗುವುದಿಲ್ಲ. ಆದರೆ ಆ ನಾಚಿಕೆಯನ್ನು ನನಗೆ ಕೊಟ್ಟದ್ದು ಸೇಂಗಾ ಎಣ್ಣೆಯ ಅಂಗಡಿ, ಆಟವಲ್ಲ. ಆಟ ಕೊಟ್ಟದ್ದು ಬಡ್ತಿ.

ನನ್ನ ತಕರಾರು ಇರುವುದು ಇಲ್ಲಿ. ಚಿತ್ರದಲ್ಲಿ ಮೈಕೇಲ್ ಡಾನ್ ಆಗುವುದು ಅವನ ನಾಶ. ಕೊನೆಯಲ್ಲಿ ಹೆಂಡತಿಯ ಎದುರಿಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಮುಚ್ಚಿದ್ದು ಏನೆಂದು ನೋಡಿದವರಿಗೆಲ್ಲ ಗೊತ್ತು. ಅದೇ ಡಾನ್ ಪದವಿ ಆಟದಲ್ಲಿ ಸರ್ಕಾರಿ ನೌಕರಿಯ ಶ್ರೇಣಿಯಂತೆ: ಒಂದೊಂದೇ ಮೆಟ್ಟಿಲು ಹತ್ತಿ, ಕೊನೆಗೆ ಇಡೀ ನ್ಯೂಯಾರ್ಕಿಗೆ ಡಾನ್. ದುರಂತವನ್ನು ಜ್ಯೇಷ್ಠತಾ ಪಟ್ಟಿ ಮಾಡಿಟ್ಟರು. ರಕ್ತ ಜಾಸ್ತಿಯಾಯಿತೆಂಬುದು ದೂರಲ್ಲ. ಚಿತ್ರದಲ್ಲೂ ರಕ್ತ ಕಡಿಮೆಯಿಲ್ಲ. ರಕ್ತಕ್ಕೆ ಬೆಲೆಯೇ ಇಲ್ಲದಂತಾಯಿತೆಂಬುದು ದೂರು. ಸತ್ತರೆ ಮತ್ತೆ ಎದ್ದು ನಿಲ್ಲುತ್ತೀರಿ. ತಪ್ಪಿದರೆ ಹಿಂದೆ ಕಾದಿಟ್ಟ ಜಾಗದಿಂದ ಮತ್ತೆ ಶುರು.

ಇದನ್ನು ನಾನು ಹೇಳಿದಾಗ ಹುಡುಗ ನಕ್ಕ. “ಅದನ್ನೇ ಅಲ್ವಾ ಸಾರ್ ನಾನು ಬರೆಯಾಕೆ ಹೊಂಟಿದ್ದು? ಆಟದಾಗೆ ನಾನು ಡಾನ್ ಆದೆ. ಕುಣಿದಾಡಿದೆ. ಆಮ್ಯಾಲೆ ಸಿನಿಮಾ ನೋಡಿದೆ. ಡಾನ್ ಆದೋನ ಮಕ ನೋಡಿದ್ರೆ ಅದು ಗೆದ್ದೋನ ಮಕ ಅಲ್ಲ ಸಾರ್.” ಅವನು ಆಟವನ್ನು ಮೊದಲು ಆಡಿ, ಚಿತ್ರವನ್ನು ಆಮೇಲೆ ನೋಡಿದವನು. ಚಿತ್ರ ಅವನಿಗೆ ಆಟದ ವಿಮರ್ಶೆಯಾಗಿ ಬಂತು. ಇದಕ್ಕಿಂತ ಒಳ್ಳೆಯ ವಾಕ್ಯವನ್ನು ನಮ್ಮ ಎಷ್ಟು ಪ್ರಬಂಧಗಳಲ್ಲಿ ನಾನು ಓದಿದ್ದೇನೆ?

ಹಾಗಾದರೆ ಕೂತು ನೋಡುವುದೇ ಕಲೆ, ಕೈಹಾಕಿ ಆಡುವುದು ಕಲೆಯಲ್ಲ ಎಂದು ನಮ್ಮ ಹಿರಿಯರು ಗೆದ್ದ ನಗೆ ನಗಬಹುದು. ನಗುವ ಮುನ್ನ ಬಯಲಾಟವನ್ನು ನೆನೆಯಲಿ. ನಮ್ಮ ಹಳ್ಳಿಗಳಲ್ಲಿ ಹೊಲ ಉಳುವವನು ಕೈಯಿಂದ ಹಣ ಕೊಟ್ಟು ದುರ್ಯೋಧನನ ಪಾತ್ರ ಹಿಡಿಯುತ್ತಾನೆ. ಸಾರಥಿ ಎದುರು ನಿಂತು ಯಾರು ನೀನೆಂದು ಕೇಳಿದರೆ ಅವನು ರಾತ್ರಿಯೆಲ್ಲ ಕೌರವೇಶ್ವರ. ಮೆಚ್ಚಿದವರು ಎದೆಗೆ ನೋಟು ಚುಚ್ಚುತ್ತಾರೆ. ಬೆಳಗಿನ ಜಾವಕ್ಕೆ ತೊಡೆ ಮುರಿಯುತ್ತದೆಂದು ಅವನಿಗೆ ಗೊತ್ತು. ಮುರಿಯಲೆಂದೇ ಅವನು ಹಣ ಕೊಟ್ಟಿದ್ದಾನೆ. ಪಾತ್ರದೊಳಗೆ ಹೊಗುವುದಕ್ಕೆ ಗೆಲುವು ಬೇಕಾಗಿಲ್ಲ. ಈ ಗುಟ್ಟು ನಮ್ಮ ರೈತನಿಗೆ ತಿಳಿದಿತ್ತು. ಕೋಟಿ ಸುರಿದ ಕಂಪನಿಗೆ ತಿಳಿಯಲಿಲ್ಲ, ಅಥವಾ ತಿಳಿದೂ ಮಾರಾಟಕ್ಕೆ ಒಗ್ಗಲಿಲ್ಲ.

ತಿಳಿದವರೂ ಇದ್ದಾರೆ. ಕಾನ್ರಾಡನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕತೆಯಿಂದ ಇದೇ ಕೊಪ್ಪೊಲ ೧೯೭೯ರಲ್ಲಿ ‘ಅಪೊಕಲಿಪ್ಸ್ ನೌ’ ಎಂಬ ಚಿತ್ರ ಮಾಡಿದರು. ಇವೆರಡರ ಪ್ರೇರಣೆಯಿಂದ ಜರ್ಮನಿಯ ಯಾಗರ್ ಎಂಬ ಸಂಸ್ಥೆ ೨೦೧೨ರಲ್ಲಿ ‘ಸ್ಪೆಕ್ ಆಪ್ಸ್: ದಿ ಲೈನ್’ ಎಂಬ ಆಟ ಮಾಡಿತು. ಮರಳಿನಲ್ಲಿ ಹೂತುಹೋದ ದುಬೈ ನಗರದಲ್ಲಿ ನಡೆಯುವ ಕತೆ. ಒಂದು ಕಡೆ ಶತ್ರುಗಳ ಮೇಲೆ ಬಿಳಿ ರಂಜಕದ ಬೆಂಕಿ ಸುರಿಯಬೇಕು. ಸುರಿಯದೆ ಮುಂದೆ ಹೋಗಲು ದಾರಿಯಿಲ್ಲ. ಸುರಿದವರು ನಾವೇ. ಆಮೇಲೆ ಅದೇ ಬೂದಿಯ ನಡುವೆ ನಮ್ಮನ್ನು ನಿಧಾನವಾಗಿ ನಡೆಸುತ್ತಾರೆ. ಸುಟ್ಟವರು ಸೈನಿಕರಷ್ಟೇ ಅಲ್ಲ, ಆಶ್ರಯಕ್ಕೆ ಬಂದ ಹೆಂಗಸರು, ಮಕ್ಕಳು. ಇದನ್ನು ಆಡಿಸಿದವನೂ ಅದೇ ಹುಡುಗ. ಆ ರಾತ್ರಿ ನಾನು ಕಂಪ್ಯೂಟರ್ ಆರಿಸಿ ಅಂಗಳದಲ್ಲಿ ಬಹಳ ಹೊತ್ತು ಕುಳಿತಿದ್ದೆ. ಚಿತ್ರ ನೋಡಿ ಕುಳಿತದ್ದುಂಟು, ಕಾದಂಬರಿ ಓದಿ ಕುಳಿತದ್ದುಂಟು. ಆದರೆ “ಇದನ್ನು ನಾನು ಮಾಡಿದೆ” ಎಂಬ ಭಾರ ಆ ಎರಡರಲ್ಲೂ ನನ್ನ ಮೇಲೆ ಬಿದ್ದಿರಲಿಲ್ಲ. ಇದನ್ನು ಸಾಹಿತ್ಯವೆನ್ನುತ್ತೀರೋ ಬಿಡುತ್ತೀರೋ. ಚೌಕಾಬಾರವೆನ್ನಲು ಮಾತ್ರ ನನಗೆ ನಾಲಗೆ ಬಾರದು.

ಇನ್ನು ‘ವಯಸ್ಕರಿಗೆ ಮಾತ್ರ’ ಎಂಬ ಹಣೆಪಟ್ಟಿ. ಚಿತ್ರಕ್ಕೆ ನಮ್ಮ ದೇಶದಲ್ಲಿ ೧೯೫೨ರ ಕಾಯಿದೆಯುಂಟು, ಮಂಡಲಿಯುಂಟು, ‘ಎ’ ಎಂಬ ಮುದ್ರೆಯುಂಟು. ೨೦೨೩ರ ತಿದ್ದುಪಡಿಯಲ್ಲಿ ಏಳು, ಹದಿಮೂರು, ಹದಿನಾರು ಎಂದು ವಯಸ್ಸಿನ ಮೆಟ್ಟಿಲನ್ನೂ ಕಟ್ಟಿದರು. ಅದೇ ಚಿತ್ರ ಆಟವಾದರೆ ಮಂಡಲಿ ಅದರ ಕಡೆ ತಿರುಗಿ ನೋಡುವುದಿಲ್ಲ. ಫೋನಿನಲ್ಲಿ ಇಳಿಸಿಕೊಳ್ಳುವ ಆಟಕ್ಕೆ ಇರುವ ವಯಸ್ಸಿನ ಗುರುತು, ಮಾಡಿದವರೇ ಒಂದು ಪ್ರಶ್ನಾವಳಿಗೆ ಉತ್ತರ ಬರೆದು ಪಡೆಯುವಂಥದು. ನಮ್ಮ ಸರ್ಕಾರಗಳು ಆಟದ ಬಗ್ಗೆ ಯೋಚಿಸಿದ್ದೆಲ್ಲ ಹಣದ ಬಗ್ಗೆ. ರಾಜ್ಯವು ೨೦೨೧ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಹಣ ಕಳೆದುಕೊಂಡು ಮನೆ ಮುಳುಗಿಸಿಕೊಂಡವರಿರುವಾಗ ಇದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಈ ಗದ್ದಲದಲ್ಲಿ ಆಟವೆಂದರೆ ಜೂಜು, ಜೂಜಲ್ಲದಿದ್ದರೆ ಮಕ್ಕಳ ಆಟಿಕೆ ಎಂಬ ಎರಡೇ ಪೆಟ್ಟಿಗೆಗಳು ಉಳಿದವು. ಕತೆ ಹೇಳುವ ಆಟಕ್ಕೆ ಪೆಟ್ಟಿಗೆಯೇ ಇಲ್ಲ.

ವಯಸ್ಕ ಎಂಬ ಮಾತಿನ ಅರ್ಥವೂ ಕೆಟ್ಟಿದೆ. ಆಟ ಮಾರುವವರ ನಿಘಂಟಿನಲ್ಲಿ ಅದು ರಕ್ತ, ಬೈಗುಳ, ಬೆತ್ತಲೆ. ೧೯೭೪ರ ‘ಎಮ್ಯಾನುಯೆಲ್’ ಎಂಬ ಫ್ರೆಂಚ್ ಚಿತ್ರವನ್ನು ೧೯೮೯ರಷ್ಟು ಹಿಂದೆಯೇ ಕಂಪ್ಯೂಟರ್ ಆಟ ಮಾಡಿ ಮಾರಿದ್ದರು. ಇವುಗಳಲ್ಲಿ ವಯಸ್ಸು ಬೇಕಾದುದು ಕಣ್ಣಿಗೆ ಮಾತ್ರ. ನಾನು ವಯಸ್ಕರ ಆಟವೆನ್ನುವುದು ಮಾಡಿದ್ದನ್ನು ಹೊತ್ತು ನಡೆಯಲು ಆಗುವವರ ಆಟವನ್ನು. ಆ ಅರ್ಥದಲ್ಲಿ ‘ಗಾಡ್‌ಫಾದರ್’ ಆಟ ಎಳೆಯರದು, ಚಿತ್ರ ವಯಸ್ಕರದು. ಇಪ್ಪತ್ತು ತುಂಬಿ ಓಟು ಹಾಕುವ ಹುಡುಗನಿಗೆ, ಹಗಲೆಲ್ಲ ಅಪ್ಪನ ಜೊತೆ ಮಗ್ಗದಲ್ಲಿ ಲಾಳಿ ಎಸೆದು ದುಡಿದವನಿಗೆ, “ನಿನ್ನ ತಂದೆತಾಯಿ ಕೇಳಿದರೆ?” ಎಂದೆವಲ್ಲ, ನಾವು ಯಾವ ವಯಸ್ಸಿನವರು?

‘ನಾಗರಹಾವು’ ಆಟವಾದರೆ ಹೇಗೆಂದು ಹುಡುಗನ ಪ್ರಬಂಧದ ಕೊನೆಯ ಭಾಗದಲ್ಲಿ ಒಂದು ಪುಟವಿದೆ. ಕಂಪನಿಯ ಕೈಗೆ ಕೊಟ್ಟರೆ ರಾಮಾಚಾರಿ ಎಷ್ಟು ಜನರನ್ನು ಹೊಡೆದನೆಂದು ಅಂಕ ಹಾಕುತ್ತಾರೆ, ಕೊನೆಗೆ ಮಾರ್ಗರೆಟ್ಟಳನ್ನು ಗೆದ್ದುಕೊಡುತ್ತಾರೆ ಎಂದು ಬರೆದಿದ್ದಾನೆ. ತಾನು ಮಾಡುವುದಾದರೆ ಆಡುವವನಿಗೆ ಒಂದೇ ಕೆಲಸ: ಚಾಮಯ್ಯ ಮೇಷ್ಟರಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು, ಉಳಿಸಿಕೊಂಡಷ್ಟೂ ಅಲಮೇಲು ದೂರವಾಗುತ್ತ ಹೋಗಬೇಕು, ಹಿಂದಕ್ಕೆ ಹೋಗಿ ಮತ್ತೆ ಆಡಲು ಬಿಡಬಾರದು. ಕೆಳಗೆ ಪೆನ್ಸಿಲಿನಲ್ಲಿ, “ಇದನ್ನು ಯಾರೂ ಕೊಳ್ಳುವುದಿಲ್ಲ” ಎಂದು ಸೇರಿಸಿದ್ದಾನೆ.

ನಲವತ್ತೊಂದು ಪುಟದ ಆ ಹಸ್ತಪ್ರತಿ ಈಗ ನನ್ನ ಹತ್ತಿರ ಇದೆ. ಅವನು ಅದರ ಬದಲಿಗೆ, ನಾವು ಕೊಟ್ಟ ವಿಷಯದ ಮೇಲೆ, ಊರಿನ ಗಾದೆಗಳನ್ನು ಪಟ್ಟಿ ಮಾಡಿ ಒಪ್ಪಿಸಿ ಪಾಸಾಗಿ ಹೋದ. ಒಳ್ಳೆಯ ಅಂಕವನ್ನೇ ಕೊಟ್ಟೆವು. ಹಸ್ತಪ್ರತಿಯಲ್ಲಿ ಅಲ್ಪಪ್ರಾಣ ಮಹಾಪ್ರಾಣದ ತಪ್ಪು ಬಹಳ, ತಿದ್ದುತ್ತಿದ್ದೇನೆ. ಜೂನಿನಲ್ಲಿ ಮತ್ತೆ ಅದೇ ಮೇಜಿನ ಸುತ್ತ ವಿಷಯಗಳ ಆಯ್ಕೆಗೆ ಕೂರುತ್ತೇವೆ. ಈ ಸಲ ಅದನ್ನು ಚಹಕ್ಕೆ ಮುಂಚೆಯೇ ಮೂವರ ಮುಂದೆ ಇಡುತ್ತೇನೆ. ಓದಿದ ಮೇಲೆ ಬೈಯಲಿ.