ಒಂದೇ ನೀರು, ಬೇರೆ ಬೇರೆ ಊಟ

ಸೇಡಂ ಸೀಮೆಗೂ ಕಡಲಿಗೂ ಏನು ಸಂಬಂಧ ಎನ್ನುವವರು ಒಮ್ಮೆ ತಮ್ಮ ಮನೆಯ ನೆಲ ನೋಡಿಕೊಳ್ಳಲಿ. ಶಹಾಬಾದಿನ ಪರ್ಸಿ ಕಲ್ಲು, ವಾಡಿಯ ಸಿಮೆಂಟಿಗೆ ಹೋಗುವ ಸುಣ್ಣಕಲ್ಲು, ಎರಡೂ ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಆಗ ಮೀನು ಕೂಡ ಹುಟ್ಟಿರಲಿಲ್ಲ. ಡಾಲ್ಫಿನ್ನಿನ ಪೂರ್ವಿಕರು ನೆಲ ಬಿಟ್ಟು ನೀರಿಗಿಳಿದದ್ದು ತೀರ ಈಚೆಗೆ, ಸುಮಾರು 5 ಕೋಟಿ ವರ್ಷದ ಹಿಂದೆ. ಅಷ್ಟು ಹೊತ್ತಿಗೆ ನಮ್ಮ ಸಮುದ್ರ ಕಲ್ಲಾಗಿತ್ತು. ಹಾಗಾಗಿ ಡಾಲ್ಫಿನ್ ನೋಡಬೇಕೆಂದರೆ ನಾವು ಕಾರವಾರದ ಹಾದಿ ಹಿಡಿಯಬೇಕು.

ಕಾಳಿ ನದಿ ಕಡಲು ಸೇರುವ ದೇವಬಾಗದ ಆಸುಪಾಸಿನಲ್ಲಿ ದೋಣಿಯವರು ತೋರಿಸುವುದು ಹೆಚ್ಚಾಗಿ ಗೂನುಬೆನ್ನಿನ ಡಾಲ್ಫಿನ್. ಇದು ದಡ ಬಿಟ್ಟು ದೂರ ಹೋಗುವ ಪ್ರಾಣಿಯಲ್ಲ. ಅಳಿವೆಯ ಬಾಯಿ, ಇಪ್ಪತ್ತು ಇಪ್ಪತ್ತೈದು ಮೀಟರಿನೊಳಗಿನ ಆಳ, ಅಲ್ಲಿನ ಮೀನು, ಅಷ್ಟೇ ಅದರ ಲೋಕ. ಅದೇ ನೀರಿನಲ್ಲಿ ಡಾಲ್ಫಿನ್ನಿನ ನಂಟನಾದ, ಬೆನ್ನುರೆಕ್ಕೆಯೇ ಇಲ್ಲದ ಪುಟ್ಟ ಪಾರ್ಪಾಯ್ಸ್ ಕೂಡ ಇದೆ. ಅದು ನೆಗೆಯುವುದಿಲ್ಲ, ದೋಣಿಯ ಹತ್ತಿರ ಸುಳಿಯುವುದಿಲ್ಲ; ಉಸಿರು ತೆಗೆದುಕೊಂಡು ಮುಳುಗಿದರೆ ಮುಗಿಯಿತು, ಪ್ರವಾಸಿಗಳಿಗೆ ಅದು ಇದ್ದದ್ದೇ ತಿಳಿಯುವುದಿಲ್ಲ. ಬಾಟಲ್‌ಮೂತಿಯ ಡಾಲ್ಫಿನ್ನಿಗೆ ಇನ್ನಷ್ಟು ಹೊರಗಿನ, ಬಂಡೆ ನಡುಗಡ್ಡೆಗಳ ನೀರೂ ಒಗ್ಗುತ್ತದೆ. ಆಳ ಕಡಲಿನ ಸ್ಪಿನ್ನರ್ ಡಾಲ್ಫಿನ್ನಿನದು ರಾತ್ರಿ ಪಾಳಿ: ಕತ್ತಲಾದ ಮೇಲೆ ಆಳದಿಂದ ಮೇಲೇಳುವ ಸಣ್ಣ ಮೀನುಗಳನ್ನು ತಿಂದು ಹಗಲು ವಿಶ್ರಾಂತಿ. ಊಟದ ಜಾಗ, ಹೊತ್ತು, ತಿನಿಸು ಬೇರೆಯಾಗಿದ್ದರೆ ಜಗಳ ತಾನಾಗಿ ಕಡಿಮೆ. ಇದರಲ್ಲಿ ಔದಾರ್ಯವೇನೂ ಇಲ್ಲ.

ಆದರೂ ಬೇರೆ ಬೇರೆ ಜಾತಿಗಳು ಕೂಡಿ ಈಜುವುದುಂಟು. ಕಾರವಾರದ ಈ ಗೂನುಬೆನ್ನಿನದೂ ಹಿಂದೂ ಮಹಾಸಾಗರದ ಬಾಟಲ್‌ಮೂತಿಯದೂ ಆಫ್ರಿಕದ ಜಂಜಿಬಾರ್ ತೀರದಲ್ಲಿ ಒಂದೇ ಗುಂಪಾಗಿ ಕಂಡದ್ದು ದಾಖಲಾಗಿದೆ. ಶಾರ್ಕಿನ ಭಯಕ್ಕೆ ಹೆಚ್ಚು ಕಣ್ಣುಗಳು ಬೇಕೆಂದೋ, ಮೀನು ಹುಡುಕಲು ಸುಲಭವೆಂದೋ, ಬರೀ ಸಂಗಕ್ಕೋ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಹಾಮಾಸ್‌ನಲ್ಲಿ 1985ರಿಂದ ಡೆನಿಸ್ ಹರ್ಜಿಂಗ್ ನಡೆಸಿಕೊಂಡು ಬಂದ ಅಧ್ಯಯನ ಈ ಸಂಗದ ಎರಡೂ ಮುಖ ತೋರಿಸಿತು. ಅಲ್ಲಿ ಚುಕ್ಕೆ ಡಾಲ್ಫಿನ್ನುಗಳೂ ಬಾಟಲ್‌ಮೂತಿಯವೂ ಜೊತೆಯಾಗಿ ಅಲೆಯುತ್ತವೆ, ಆಡುತ್ತವೆ. ಮೈಯಲ್ಲಿ ದೊಡ್ಡದಾದ ಬಾಟಲ್‌ಮೂತಿ ಗಂಡುಗಳು ಚುಕ್ಕೆಯವನ್ನು ಕಾಡುವುದೂ ಉಂಟು. ಆಗ ಚುಕ್ಕೆಯವು ಒಂದಾಗಿ, ಒಂದೇ ಲಯದಲ್ಲಿ ಈಜಿ ಅವನ್ನು ಅಟ್ಟುತ್ತವೆ. ಸ್ಕಾಟ್ಲೆಂಡಿನ ಮೊರೆ ಫರ್ತ್‌ನಲ್ಲಿ ಬಾಟಲ್‌ಮೂತಿಗಳು ಪಾರ್ಪಾಯ್ಸ್‌ಗಳನ್ನು ಹೊಡೆದು ಕೊಂದದ್ದು 1990ರ ದಶಕದಲ್ಲಿ ಬೆಳಕಿಗೆ ಬಂತು. ಕೊಂದು ತಿನ್ನಲಿಲ್ಲ, ಬರೀ ಕೊಂದವು. ಡಾಲ್ಫಿನ್ನಿನ ಬಾಯಿಯ ಆಕಾರವನ್ನೇ ನಗುವೆಂದು ನಂಬಿದವರಿಗೆ ಇದು ಕಹಿ ಸುದ್ದಿ.

ನನಗೆ ಹೆಚ್ಚು ಕುತೂಹಲದ್ದು ಕೋಸ್ಟರಿಕದ ಪ್ರಸಂಗ. ಅಲ್ಲಿ ಬಾಟಲ್‌ಮೂತಿಗಳೂ ಅವಕ್ಕಿಂತ ಚಿಕ್ಕವಾದ ಗಯಾನ ಡಾಲ್ಫಿನ್ನುಗಳೂ ಕೂಡಿದಾಗ ಜೀವವಿಜ್ಞಾನಿ ಲಾರಾ ಮೇ-ಕೊಲಾಡೊ ದನಿ ಮುದ್ರಿಸಿಕೊಂಡು 2010ರಲ್ಲಿ ವರದಿ ಮಾಡಿದರು. ಬೇರೆ ಬೇರೆ ಇದ್ದಾಗ ಗಯಾನದ್ದು ಏರುದನಿ, ಬಾಟಲ್‌ಮೂತಿಯದು ತಗ್ಗು. ಕೂಡಿದಾಗ ಕೇಳಿದ್ದು ಎರಡರ ನಡುವಿನ ದನಿ. ಸೇಡಂ ಸಂತೆಗೆ ತಾಂಡೂರು ಕಡೆಯ ಗಿರಾಕಿ ಬಂದರೆ ನಮ್ಮವರ ಕನ್ನಡ ತೆಲುಗಿನತ್ತ ವಾಲುತ್ತದಲ್ಲ, ಹಾಗೆ. ಆದರೆ ಸಂತೆಯಲ್ಲಿ ಇಬ್ಬರಿಗೂ ಲಾಭವಿದೆ. ಕೋಸ್ಟರಿಕದಲ್ಲಿ ಚಿಕ್ಕವು ದೊಡ್ಡವುಗಳ ಕಾಟಕ್ಕೆ ಹೆದರಿ ದನಿ ಬದಲಿಸಿರಲೂಬಹುದು. ಆ ದನಿಯನ್ನು ಸೌಹಾರ್ದವೆಂದು ಓದುವ ಆತುರ ನಮ್ಮದು, ಅವುಗಳದ್ದಲ್ಲ.

ನಮ್ಮ ಕರಾವಳಿಯಲ್ಲಿ ಇವುಗಳ ಪಾಲಿಗೆ ದೊಡ್ಡ ಅಪಾಯ ಒಂದರಿಂದ ಇನ್ನೊಂದಕ್ಕಲ್ಲ, ನೀರಲ್ಲಿ ಇಳಿಬಿಡುವ ತೆಳು ನೈಲಾನ್ ಬಲೆಯಿಂದ. ಮೀನಿಗೆ ಹಾಕಿದ ಬಲೆಗೆ ಸಿಕ್ಕಿ, ಉಸಿರಿಗೆ ಮೇಲೆ ಬರಲಾರದೆ ಸಾಯುತ್ತವೆ. ಗೂನುಬೆನ್ನಿನದು ಇಂದು ಜಾಗತಿಕ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಜೀವಿ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ ರಕ್ಷಣೆಯೂ ಅದಕ್ಕಿದೆ.

ರಜೆಗೆ ಕಾರವಾರಕ್ಕೆ ಹೋಗುವ ನಮ್ಮ ಕಡೆಯವರಲ್ಲಿ ಒಂದು ಬೇಡಿಕೆ. ಡಾಲ್ಫಿನ್ ಕಂಡೊಡನೆ ದೋಣಿಯವರಿಗೆ ಬೆನ್ನಟ್ಟಲು ಹೇಳಬೇಡಿ. ದೂರದಲ್ಲೇ ಎಂಜಿನ್ ನಿಲ್ಲಿಸಲು ಹೇಳಿ. ಹತ್ತಿರ ಬರುವುದಿದ್ದರೆ ಅವೇ ಬರಲಿ.